ಸೈನೈಡ್ ದಿಬ್ಬದಲ್ಲಿ ಶೀಲೆಯ ಹೆಸರು

ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ನೂರು ವರ್ಷಕ್ಕೂ ಹೆಚ್ಚು ಕಾಲ ಭೂಮಿಯ ಹೊಟ್ಟೆಯಿಂದ ಕಲ್ಲು ತೆಗೆದು, ಪುಡಿ ಮಾಡಿ, ಚಿನ್ನ ಹಿಂಡಿಕೊಂಡ ಮೇಲೆ ಉಳಿದ ಮಣ್ಣು ಅದು. ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು, ದಿಬ್ಬ ಹಾಗೇ ಉಳಿಯಿತು. ಆ ಮಣ್ಣಿನಲ್ಲಿ ಶೀಲೈಟ್ ಎಂಬ ಖನಿಜ ಇದೆ. ಬಲ್ಬಿನ ತಂತಿಗೆ ಬಳಸುವ ಟಂಗ್‌ಸ್ಟನ್ ಲೋಹ ಸಿಗುವುದು ಇಂಥ ಖನಿಜದಿಂದ. ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದರೆ ಶೀಲೈಟ್ ತಿಳಿನೀಲಿಯಾಗಿ ಹೊಳೆಯುತ್ತದೆ.

ಈ ಹೆಸರು ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ಮನುಷ್ಯನದು. ಜರ್ಮನ್ ಮನೆಮಾತಿನ ಈತ ಸ್ವೀಡನ್‌ನಲ್ಲಿ ಔಷಧ ಅಂಗಡಿ ನಡೆಸಿದವನು. ಕೋಲಾರ ಎಂಬ ಊರು ಇದೆ ಎಂದೂ ಆತನಿಗೆ ಗೊತ್ತಿದ್ದಿರಲಾರದು. ಆದರೆ ದಿಬ್ಬದ ಶೀಲೈಟಿಗೆ ಆತನ ಹೆಸರು ಇರುವುದಷ್ಟೇ ಅಲ್ಲ, ಚಿನ್ನ ತೆಗೆಯಲು ಬಳಸಿದ ಸೈನೈಡಿನ ಕಥೆಯೂ, ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡಿನ ಕಥೆಯೂ, ಮುಳಬಾಗಿಲು ದೋಸೆಯ ಹುಳಿಯ ಕಥೆಯೂ ಆತನ ಅಂಗಡಿಯ ಬಾಗಿಲ ಮುಂದೆಯೇ ಹಾದು ಹೋಗುತ್ತವೆ. ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಲ್ಯಾಬಿನಲ್ಲಿ ನೀರಿನ ಪರೀಕ್ಷೆ ಮಾಡುವಾಗ ಮತ್ತೆ ಮತ್ತೆ ಈತನ ಹೆಸರು ಎದುರಾಗಿ, ಈತನ ಬದುಕನ್ನು ಹುಡುಕಿ ಓದಿದೆ. ಕೆಲಸ ಹುಡುಕುವ ವಯಸ್ಸಿನ ನಮಗೆ ಇದರಲ್ಲಿ ವಿಚಾರ ಮಾಡುವಂಥದ್ದು ಬಹಳ ಇದೆ ಅನ್ನಿಸಿತು.

ದಿವಾಳಿಯಾದ ಮನೆಯ ಹುಡುಗ

ಶೀಲೆ ಹುಟ್ಟಿದ್ದು 1742ರ ಡಿಸೆಂಬರ್‌ನಲ್ಲಿ, ಬಾಲ್ಟಿಕ್ ಸಮುದ್ರದ ದಡದ ಸ್ಟ್ರಾಲ್‌ಸುಂಡ್ ಎಂಬ ಊರಿನಲ್ಲಿ. ಇವತ್ತು ಅದು ಜರ್ಮನಿಯಲ್ಲಿದೆ. ಆಗ ಸ್ವೀಡನ್ ರಾಜನ ಆಳ್ವಿಕೆಗೆ ಸೇರಿತ್ತು. ಹನ್ನೊಂದು ಮಕ್ಕಳ ಸಂಸಾರ, ಈತ ಏಳನೆಯವನು. ಅಪ್ಪ ಧಾನ್ಯದ ವ್ಯಾಪಾರಿ, ಬಿಯರ್ ತಯಾರಿಸುವ ಕಸುಬೂ ಇತ್ತು. ಈತ ಚಿಕ್ಕವನಿರುವಾಗಲೇ ವ್ಯಾಪಾರ ಮುಳುಗಿ ಅಪ್ಪ ದಿವಾಳಿಯಾದ. ಹಾಗಾಗಿ ವಿಶ್ವವಿದ್ಯಾಲಯದ ಮಾತೇ ಬರಲಿಲ್ಲ. 14ನೇ ವಯಸ್ಸಿಗೆ ಸ್ವೀಡನ್‌ನ ಗೋಥೆನ್‌ಬರ್ಗ್ ಊರಿನಲ್ಲಿದ್ದ ಬಾವುಖ್ ಎಂಬವರ ಔಷಧ ಅಂಗಡಿಗೆ ಹುಡುಗನನ್ನು ಕೆಲಸ ಕಲಿಯಲು ಕಳಿಸಿದರು.

ಆ ಕಾಲದ ಔಷಧ ಅಂಗಡಿ ಎಂದರೆ ನಮ್ಮ ಮೆಡಿಕಲ್ ಸ್ಟೋರ್ ಹಾಗಲ್ಲ. ಕಂಪನಿಯಿಂದ ಬಂದ ಮಾತ್ರೆಯ ಹಾಳೆಯನ್ನು ಕತ್ತರಿಸಿ ಕೊಡುವ ಕೆಲಸ ಅಲ್ಲಿರಲಿಲ್ಲ. ಬೇರು, ತೊಗಟೆ, ಉಪ್ಪು, ಪಾದರಸ, ಗಂಧಕ, ಆಮ್ಲಗಳು ಎಲ್ಲವೂ ಕಚ್ಚಾ ರೂಪದಲ್ಲೇ ಬರುತ್ತಿದ್ದವು. ಅವನ್ನು ಕುಟ್ಟಿ, ಸೋಸಿ, ಕುದಿಸಿ, ಭಟ್ಟಿ ಇಳಿಸಿ ಔಷಧ ಮಾಡಬೇಕಿತ್ತು. ಒಲೆ, ಗಾಜಿನ ಬಕಪಾತ್ರೆ, ತಕ್ಕಡಿ ಎಲ್ಲವೂ ಅಲ್ಲೇ. ಹೊರಗಿನವರಿಗೆ ಅಂಗಡಿ, ಒಳಗೆ ನಡೆದರೆ ಒಂದು ಪ್ರಯೋಗಾಲಯ. ಹುಡುಗ ಹಗಲು ಅಂಗಡಿಯ ಕೆಲಸ ಮಾಡಿ, ರಾತ್ರಿ ಮಾಲೀಕರ ಕಪಾಟಿನಲ್ಲಿದ್ದ ಪುಸ್ತಕಗಳನ್ನು ಓದುತ್ತಿದ್ದ. ಓದಿದ ಪ್ರಯೋಗವನ್ನು ತಾನೇ ಮಾಡಿ ನೋಡುತ್ತಿದ್ದ. ಪುಸ್ತಕ ಹೇಳಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಅಭ್ಯಾಸ ಅಲ್ಲೇ ಬೇರು ಬಿಟ್ಟಿತು. ಹೀಗೆ ಎಂಟು ವರ್ಷ ಕಳೆಯಿತು.

1765ರಲ್ಲಿ ಮಾಲೀಕ ಅಂಗಡಿ ಮಾರಿದಾಗ ಶೀಲೆ ಮಾಲ್ಮೋ ಊರಿನ ಇನ್ನೊಂದು ಅಂಗಡಿ ಸೇರಿದ. 1768ರಲ್ಲಿ ರಾಜಧಾನಿ ಸ್ಟಾಕ್‌ಹೋಮ್‌ಗೆ ಬಂದ. 1770ರಲ್ಲಿ ಉಪ್ಸಾಲಾಗೆ ಹೋದ. ನಾಲ್ಕು ಊರು, ನಾಲ್ಕು ಅಂಗಡಿ. ಎಲ್ಲ ಕಡೆಯೂ ಸಹಾಯಕನ ಕೆಲಸವೇ. ಮಾತು ಜರ್ಮನ್, ಸುತ್ತಲಿನವರದು ಸ್ವೀಡಿಷ್, ಪಂಡಿತರದು ಲ್ಯಾಟಿನ್. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಗೆಳೆಯರ ಜೊತೆ ತಮಿಳು, ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ನಮ್ಮ ಗಡಿ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಶೀಲೆ ಕೊನೆಯವರೆಗೂ ತನ್ನ ಮುಖ್ಯ ಪುಸ್ತಕವನ್ನು ಜರ್ಮನ್‌ನಲ್ಲೇ ಬರೆದ. ಅದರಿಂದ ಕೆಲಸವೇನೂ ನಿಲ್ಲಲಿಲ್ಲ.

ಪ್ರೊಫೆಸರ್‌ಗೆ ಉತ್ತರ ಹೇಳಿದ ಸಹಾಯಕ

ಉಪ್ಸಾಲಾದಲ್ಲಿ ಟೋರ್ಬೆರ್ನ್ ಬರ್ಗ್‌ಮನ್ ಎಂಬ ದೊಡ್ಡ ಪ್ರೊಫೆಸರ್ ಇದ್ದರು. ಶೀಲೆ ಕೆಲಸ ಮಾಡುತ್ತಿದ್ದ ಅಂಗಡಿಯಿಂದಲೇ ಅವರ ಲ್ಯಾಬಿಗೆ ಪೆಟ್ಲುಪ್ಪು ಹೋಗುತ್ತಿತ್ತು. ಆ ಪೆಟ್ಲುಪ್ಪನ್ನು ಬಹಳ ಹೊತ್ತು ಕಾಯಿಸಿ, ಆರಿದ ಮೇಲೆ ವಿನೆಗರ್‌ನ ಆಮ್ಲ ಹಾಕಿದರೆ ಕೆಂಪು ಹೊಗೆ ಏಳುತ್ತಿತ್ತು. ಕಾಯಿಸದ ಪೆಟ್ಲುಪ್ಪಿನಲ್ಲಿ ಹಾಗೆ ಆಗುತ್ತಿರಲಿಲ್ಲ. ಸಾಮಾನು ಕೆಟ್ಟದ್ದು ಇರಬಹುದೆಂಬ ಅನುಮಾನ ಬಂತು. ಬರ್ಗ್‌ಮನ್‌ರ ಜೊತೆಗಿದ್ದ ಯೋಹಾನ್ ಗಾನ್ ಎಂಬ ಯುವಕ ಅಂಗಡಿಗೆ ಬಂದು ಈ ವಿಷಯ ಹೇಳಿದಾಗ, ಕೌಂಟರ್ ಹಿಂದಿದ್ದ ಶೀಲೆ ಕಾರಣ ವಿವರಿಸಿದ. ಕಾಯಿಸಿದಾಗ ಪೆಟ್ಲುಪ್ಪು ಬೇರೆಯೇ ಒಂದು ಲವಣವಾಗುತ್ತದೆ, ಆ ಲವಣದ ಆಮ್ಲ ದುರ್ಬಲ, ಹಾಗಾಗಿ ವಿನೆಗರ್‌ನಂಥ ಸಾಧಾರಣ ಆಮ್ಲವೂ ಅದನ್ನು ಹೊರಗೆ ಓಡಿಸಬಲ್ಲದು. ಇವತ್ತು ನಾವು ನೈಟ್ರೇಟ್, ನೈಟ್ರೈಟ್ ಎಂದು ಬೇರೆ ಮಾಡಿ ಹೇಳುವ ಸಂಗತಿ ಇದೇ.

ಅದಕ್ಕೂ ಮೊದಲು ಶೀಲೆ ಕಳಿಸಿದ್ದ ಬರಹಗಳನ್ನು ಪಂಡಿತರು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಈ ಒಂದು ಉತ್ತರದಿಂದ ಬಾಗಿಲು ತೆರೆಯಿತು. ಗಾನ್ ಗೆಳೆಯನಾದ, ಬರ್ಗ್‌ಮನ್ ಬೆಂಬಲಕ್ಕೆ ನಿಂತರು. 1775ರ ಫೆಬ್ರುವರಿ 4ರಂದು ಸ್ವೀಡನ್‌ನ ರಾಯಲ್ ಅಕಾಡೆಮಿ ಆಫ್ ಸೈನ್ಸಸ್ ಆತನನ್ನು ಸದಸ್ಯನಾಗಿ ಆರಿಸಿತು. ಆಗ ಶೀಲೆಗೆ 32 ವರ್ಷ. ಕೈಯಲ್ಲಿ ಡಿಗ್ರಿ ಇರಲಿಲ್ಲ, ಔಷಧ ಅಂಗಡಿ ನಡೆಸಲು ಬೇಕಾದ ಪರೀಕ್ಷೆಯನ್ನೂ ಇನ್ನೂ ಪಾಸು ಮಾಡಿರಲಿಲ್ಲ. ಅದನ್ನು ಪಾಸು ಮಾಡಿದ್ದು 1777ರಲ್ಲಿ.

ಪ್ರತಿಭೆ ಇದ್ದರೆ ಡಿಗ್ರಿ ಬೇಡ ಎಂದು ಇದರಿಂದ ತೀರ್ಮಾನಿಸುವುದು ಸುಲಭ. ಆದರೆ ಆತ ಹದಿನೆಂಟು ವರ್ಷ ಪ್ರತಿದಿನ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದ ಎಂಬುದನ್ನು ಮರೆಯಬಾರದು. ನಾವು ಸೆಮಿಸ್ಟರ್‌ಗೆ ಹತ್ತು ಹನ್ನೆರಡು ಪ್ರಯೋಗ ಮಾಡುತ್ತೇವೆ, ರೀಡಿಂಗ್ ಬರೆದು ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಶೀಲೆಗೆ ಸಹಿ ಹಾಕುವವರು ಯಾರೂ ಇರಲಿಲ್ಲ. ಫಲಿತಾಂಶ ಮೊದಲೇ ಗೊತ್ತಿರುವ ಪ್ರಯೋಗಗಳೂ ಅವಲ್ಲ.

ಹಂದಿಯೋ ದನವೋ, ಒಂದು ಮೂತ್ರಕೋಶ ಸಾಕು

ಶೀಲೆಯ ದೊಡ್ಡ ಕೆಲಸ ಆಮ್ಲಜನಕ. 1771–72ರ ಹೊತ್ತಿಗೆ ಉಪ್ಸಾಲಾದ ಅಂಗಡಿಯಲ್ಲಿ ಪೆಟ್ಲುಪ್ಪು, ಪಾದರಸದ ಆಕ್ಸೈಡ್ ಮುಂತಾದವನ್ನು ಕಾಯಿಸಿ ಒಂದು ಅನಿಲವನ್ನು ಹಿಡಿದ. ಅನಿಲ ಹಿಡಿಯಲು ಆತನ ಬಳಿ ದುಬಾರಿ ಉಪಕರಣ ಇರಲಿಲ್ಲ. ಪ್ರಾಣಿಯ ಮೂತ್ರಕೋಶವನ್ನು ಹದ ಮಾಡಿ, ಗಾಳಿ ತೆಗೆದು, ಬಕಪಾತ್ರೆಯ ಕತ್ತಿಗೆ ಬಿಗಿಯಾಗಿ ಕಟ್ಟುತ್ತಿದ್ದ. ಅನಿಲ ಬಂದಂತೆ ಅದು ಬಲೂನಿನಂತೆ ಉಬ್ಬುತ್ತಿತ್ತು. ಆ ಅನಿಲದಲ್ಲಿ ಮೇಣದಬತ್ತಿ ಕಣ್ಣು ಕೋರೈಸುವಂತೆ ಉರಿಯಿತು. ಅದಕ್ಕೆ ಆತ ಇಟ್ಟ ಹೆಸರಿನ ಅರ್ಥ ಬೆಂಕಿಯ ಗಾಳಿ. ನಾವು ಉಸಿರಾಡುವ ಗಾಳಿ ಒಂದೇ ವಸ್ತುವಲ್ಲ, ಉರಿಯಲು ನೆರವಾಗುವ ಒಂದು ಭಾಗ, ನೆರವಾಗದ ಇನ್ನೊಂದು ಭಾಗ ಸೇರಿ ಆಗಿದೆ ಎಂದು ತೋರಿಸಿದ. ಎರಡನೆಯದು ಇಂದಿನ ನೈಟ್ರೋಜನ್.

ಇಷ್ಟೆಲ್ಲ ಮಾಡಿದ್ದನ್ನು ಪುಸ್ತಕವಾಗಿ ಬರೆದು 1775ರ ಕೊನೆಗೆ ಅಚ್ಚಿಗೆ ಕೊಟ್ಟ. ಗಾಳಿ ಮತ್ತು ಬೆಂಕಿಯ ಬಗೆಗಿನ ಆ ಪುಸ್ತಕ ಹೊರಬಂದದ್ದು 1777ರಲ್ಲಿ. ಮುದ್ರಕ ನಿಧಾನ ಮಾಡಿದ, ಮುನ್ನುಡಿ ಬರೆಯಬೇಕಿದ್ದ ಬರ್ಗ್‌ಮನ್ ಕೂಡ ತಡ ಮಾಡಿದರು. ಈ ನಡುವೆ ಇಂಗ್ಲೆಂಡಿನಲ್ಲಿ ಜೋಸೆಫ್ ಪ್ರೀಸ್ಟ್‌ಲಿ 1774ರ ಆಗಸ್ಟ್ 1ರಂದು ಅದೇ ಅನಿಲವನ್ನು ಸ್ವತಂತ್ರವಾಗಿ ಕಂಡುಕೊಂಡು, ಮರುವರ್ಷವೇ ಪ್ರಕಟಿಸಿದ್ದ. 1774ರ ಸೆಪ್ಟೆಂಬರ್ 30ರಂದು ಶೀಲೆ ಪ್ಯಾರಿಸ್‌ನ ಲೆವಾಸಿಯೆಗೆ ಪತ್ರ ಬರೆದು ಈ ಅನಿಲ ಪಡೆಯುವ ಬಗೆಯನ್ನು ತಿಳಿಸಿದ್ದ. ಮುಂದೆ ಲೆವಾಸಿಯೆ ಅದಕ್ಕೆ ಆಕ್ಸಿಜನ್ ಎಂಬ ಹೆಸರು ಕೊಟ್ಟು, ಉರಿಯುವುದು ಎಂದರೇನು ಎಂಬುದನ್ನು ಸರಿಯಾಗಿ ವಿವರಿಸಿದ. ಮೊದಲು ಕಂಡವನು ಶೀಲೆ, ಮೊದಲು ಅಚ್ಚು ಮಾಡಿಸಿದವನು ಪ್ರೀಸ್ಟ್‌ಲಿ, ಮೊದಲು ಅರ್ಥ ಮಾಡಿಕೊಂಡವನು ಲೆವಾಸಿಯೆ. ಇಂದಿನ ಪಠ್ಯಪುಸ್ತಕಗಳು ಮೂವರ ಹೆಸರನ್ನೂ ಹೇಳುತ್ತವೆ. ಆದರೆ ಬಹಳ ಕಾಲ ಶೀಲೆಯ ಹೆಸರು ಹಿಂದಿನ ಬೆಂಚಿನಲ್ಲಿತ್ತು.

ಶೀಲೆಗೆ ಅನ್ಯಾಯವಾಯಿತು ಎನ್ನುವಾಗ ಇನ್ನೊಂದು ಮಾತನ್ನೂ ಹೇಳಬೇಕು. ತಾನು ಹಿಡಿದ ಅನಿಲದ ಅರ್ಥ ಆತನಿಗೆ ಹೊಳೆಯಲಿಲ್ಲ. ಉರಿಯುವ ವಸ್ತುವಿನಲ್ಲಿ ಫ್ಲೋಜಿಸ್ಟನ್ ಎಂಬುದೊಂದು ಇರುತ್ತದೆ, ಉರಿದಾಗ ಅದು ಹೊರಹೋಗುತ್ತದೆ ಎಂಬುದು ಆ ಕಾಲದ ನಂಬಿಕೆ. ಪುಸ್ತಕಗಳ ಪ್ರತಿ ಪ್ರಯೋಗವನ್ನೂ ಅನುಮಾನಿಸಿ ಪರೀಕ್ಷಿಸಿದ ಶೀಲೆ, ಈ ನಂಬಿಕೆಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಕೈ ಅಷ್ಟು ಚುರುಕಿದ್ದವನೂ ಕಲಿತ ಸಿದ್ಧಾಂತದ ಹಿಡಿತದಿಂದ ಬಿಡಿಸಿಕೊಳ್ಳುವುದು ಕಷ್ಟ.

ನಮ್ಮ ಲ್ಯಾಬಿನ ನೀರಿನ ಬಾಟಲಿಯಲ್ಲಿ

ಕೆರೆ ನೀರಿನಲ್ಲಿ ಆಮ್ಲಜನಕ ಎಷ್ಟು ಕರಗಿದೆ ಎಂದು ನಾವು ಎನ್ವಿರಾನ್‌ಮೆಂಟಲ್ ಲ್ಯಾಬಿನಲ್ಲಿ ಅಳೆಯುತ್ತೇವೆ. ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರದ ಅಯೋಡೈಡ್ ದ್ರಾವಣ ಹಾಕಿದರೆ ಕಂದು ಬಣ್ಣದ ಗಷ್ಟು ಇಳಿಯುತ್ತದೆ. ಆಮ್ಲ ಹಾಕಿ ಕರಗಿಸಿ, ಪಿಷ್ಟ ಸೇರಿಸಿ, ನೀಲಿ ಬಣ್ಣ ಮಾಯವಾಗುವ ತನಕ ಥಯೋಸಲ್ಫೇಟ್ ಬಿಡುತ್ತೇವೆ. ಆ ಬಾಟಲಿಯಲ್ಲಿರುವ ಆಕ್ಸಿಜನ್ ಶೀಲೆಗೆ ಸಂಬಂಧಿಸಿದ್ದು, ಮ್ಯಾಂಗನೀಸ್ ಕೂಡ ಆತನಿಗೆ ಸಂಬಂಧಿಸಿದ್ದೇ. ಪೈರೊಲ್ಯುಸೈಟ್ ಎಂಬ ಕಪ್ಪು ಅದಿರಿನಲ್ಲಿ ಹೊಸ ಲೋಹವೊಂದಿದೆ ಎಂದು ಶೀಲೆ 1774ರಲ್ಲಿ ಬರೆದ. ಗೆಳೆಯ ಗಾನ್ ಅದೇ ವರ್ಷ ಲೋಹವನ್ನು ಬೇರ್ಪಡಿಸಿದ.

ಅದೇ ಕಪ್ಪು ಅದಿರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಉಸಿರುಗಟ್ಟಿಸುವ ಹಳದಿ ಹಸಿರು ಅನಿಲ ಬಂತು. ಅದು ಹೂವಿನ, ಎಲೆಯ ಬಣ್ಣವನ್ನು ತೆಗೆದುಹಾಕುತ್ತದೆ, ಲೋಹಗಳನ್ನು ತಿನ್ನುತ್ತದೆ ಎಂದು ಗುರುತಿಸಿದ. ಅದೇ ಕ್ಲೋರಿನ್. ಅದು ಮೂಲಧಾತು ಎಂದು ಹಂಫ್ರಿ ಡೇವಿ ಹೇಳಿದ್ದು 1810ರಲ್ಲಿ. ಇವತ್ತು ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವ ವಾಟರ್‌ಮನ್‌ಗೂ ಶೀಲೆಗೂ ಈ ದಾರಿಯಲ್ಲಿ ಸಂಬಂಧ ಇದೆ.

ಇನ್ನು ಫ್ಲೋರೈಡ್. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಈ ಪದ ಗೊತ್ತಿಲ್ಲದವರಿಲ್ಲ. ಶಾಶ್ವತ ನದಿ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ಸಾವಿರ ಅಡಿ ದಾಟಿದಂತೆ ಬಂಡೆಯಿಂದ ಕರಗಿ ಬರುವ ಫ್ಲೋರೈಡೂ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮೂಳೆ ಕೀಲು ಬಿಗಿಯುತ್ತವೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂದಿರುವುದು, ಬೆಳಗಾದರೆ ಬೈಕಿನಲ್ಲಿ ಕ್ಯಾನ್ ಹೊತ್ತು ಹೋಗುವುದು.

ಶೀಲೆ 1771ರಲ್ಲಿ ಫ್ಲೋರ್‌ಸ್ಪಾರ್ ಎಂಬ ಕಲ್ಲಿಗೆ ಗಂಧಕಾಮ್ಲ ಹಾಕಿ ಕಾಯಿಸಿದಾಗ ಹೊಸದೊಂದು ಆಮ್ಲ ಸಿಕ್ಕಿತು. ಆ ಆಮ್ಲ ಗಾಜಿನ ಪಾತ್ರೆಯನ್ನೇ ತಿಂದಿತು. ಅದರೊಳಗಿನ ಫ್ಲೋರಿನ್ ಧಾತುವನ್ನು ಬೇರ್ಪಡಿಸಲು ಎಷ್ಟೋ ಜನ ಪ್ರಯತ್ನಪಟ್ಟರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಕೊನೆಗೆ 1886ರಲ್ಲಿ, ಶೀಲೆ ಸತ್ತು ಸರಿಯಾಗಿ ನೂರು ವರ್ಷಕ್ಕೆ, ಫ್ರಾನ್ಸಿನ ಆನ್ರಿ ಮುವಾಸಾನ್ ಗೆದ್ದ. ಆತನೂ ಔಷಧ ಅಂಗಡಿಯಲ್ಲಿ ಕೆಲಸ ಕಲಿತು ಮೇಲೆ ಬಂದವನೇ.

ಹುಣಸೆ, ನಿಂಬೆ, ಮೊಸರು

ಶೀಲೆಯ ಪಟ್ಟಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಹುಳಿಗಳು. ಅಲ್ಲಿಯತನಕ ಹುಳಿ ಎಂದರೆ ನಾಲಿಗೆಗೆ ತಿಳಿಯುವ ಒಂದು ರುಚಿ, ಅಷ್ಟೆ. ಹಣ್ಣಿನ ರಸವನ್ನು ಕುದಿಸಿ ಬತ್ತಿಸಿದರೆ ಸಕ್ಕರೆ, ಅಂಟು ಎಲ್ಲ ಸೇರಿ ಪಾಕವಾಗುತ್ತದೆಯೇ ಹೊರತು ಹುಳಿ ಬೇರೆಯಾಗಿ ಸಿಗುವುದಿಲ್ಲ. ಶೀಲೆ ಒಂದು ಉಪಾಯ ಮಾಡಿದ. ರಸಕ್ಕೆ ಸೀಮೆಸುಣ್ಣದ ಪುಡಿ ಹಾಕಿದ. ಹುಳಿ ಸುಣ್ಣದ ಜೊತೆ ಸೇರಿ, ಕರಗದ ಪುಡಿಯಾಗಿ ತಳಕ್ಕೆ ಇಳಿಯಿತು. ಮೇಲಿನ ನೀರನ್ನು ಬಸಿದು, ಆ ಪುಡಿಗೆ ಗಂಧಕಾಮ್ಲ ಹಾಕಿದ. ಗಂಧಕಾಮ್ಲ ಸುಣ್ಣವನ್ನು ಹಿಡಿದುಕೊಂಡು ಹುಳಿಯನ್ನು ಬಿಟ್ಟುಕೊಟ್ಟಿತು. ಸೋಸಿ ಬತ್ತಿಸಿದರೆ ಶುದ್ಧ ಹರಳು.

ದ್ರಾಕ್ಷಾರಸದ ಪೀಪಾಯಿಯಲ್ಲಿ ಕಟ್ಟುವ ಗಟ್ಟಿಯಿಂದ ಹೀಗೆ ಟಾರ್ಟಾರಿಕ್ ಆಮ್ಲ ತೆಗೆದ. ಅದು 1770ರಲ್ಲಿ ಮಾಲ್ಮೋ ದಿನಗಳ ಗೆಳೆಯ ರೆಟ್ಸಿಯಸ್ ಮೂಲಕ ಪ್ರಕಟವಾಯಿತು. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ. 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳು ಬಂತು, 1785ರಲ್ಲಿ ಸೇಬಿನಿಂದ ಮಾಲಿಕ್ ಆಮ್ಲ. ಶ್ರೀನಿವಾಸಪುರದ ಮಾವಿನಕಾಯಿ ಕಚ್ಚಿದಾಗ ಹಲ್ಲು ಚುಳ್ ಎನ್ನುವುದು ಈ ಎರಡರಿಂದ. ಕೋಲಾರದ ಮಾರ್ಕೆಟ್ಟಿಗೆ ಬರುವ ಟೊಮೆಟೊ ಹುಳಿಯೂ ಇವೆರಡರದ್ದೇ. 1780ರಲ್ಲಿ ಹುಳಿಯಾದ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ ಪಡೆದ. ಡೇರಿಗೆ ಹಾಲು ಹಾಕುವ ನಮ್ಮ ಮನೆಗಳ ಮೊಸರಿನ ಹುಳಿ, ರಾತ್ರಿ ಉಬ್ಬಿದ ದೋಸೆ ಹಿಟ್ಟಿನ ಹುಳಿ ಅದು. 1783ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡ್ ಜೊತೆ ಕಾಯಿಸುವಾಗ ಸಿಹಿಯಾದ ದ್ರವ ಸಿಕ್ಕಿತು. ಅದೇ ಗ್ಲಿಸರಿನ್. ಇವತ್ತಿಗೂ ಮೆಡಿಕಲ್ ಸ್ಟೋರ್‌ನಲ್ಲಿ ಚಿಕ್ಕ ಬಾಟಲಿಯಲ್ಲಿ ಕೇಳಿ ತರುತ್ತೇವೆ.

ಒಂದು ವಿಧಾನ ಸಿಕ್ಕಿದ ಮೇಲೆ ಅದನ್ನು ಒಂದಾದ ಮೇಲೊಂದು ಹಣ್ಣಿನ ಮೇಲೆ ಹೂಡುತ್ತಾ ಹೋದದ್ದು ನನಗೆ ಎಂಜಿನಿಯರ್ ಬುದ್ಧಿಯಂತೆಯೇ ಕಂಡಿತು. ಇದಕ್ಕೆ ಬೇಕಾದ್ದು ಸೀಮೆಸುಣ್ಣ, ಆಮ್ಲ, ಸೋಸುವ ಕಾಗದ, ಒಲೆ. ಹಣವಲ್ಲ, ತಾಳ್ಮೆ ಬೇಕಿತ್ತು.

ಬರ್ಲಿನ್ ಬೇಡ ಎಂದವನು

ಅಕಾಡೆಮಿ ಸದಸ್ಯನಾದ ವರ್ಷವೇ, ಅಂದರೆ 1775ರಲ್ಲಿ, ಶೀಲೆ ಶೋಪಿಂಗ್ ಎಂಬ ಸಣ್ಣ ಊರಿಗೆ ಹೋದ. ಅಲ್ಲಿನ ಔಷಧ ಅಂಗಡಿಯ ಮಾಲೀಕ ತೀರಿಕೊಂಡಿದ್ದ. ಆತನ ಯುವ ವಿಧವೆ ಸಾರಾ ಮಾರ್ಗರೆಟಾಗೆ ಅಂಗಡಿ ನಡೆಸಲು ಜನ ಬೇಕಿತ್ತು. ನಡುವೆ ಇನ್ನೊಬ್ಬ ಅಂಗಡಿ ಕೊಳ್ಳಲು ಬಂದಾಗ ಊರಿನವರು ಶೀಲೆಯ ಪರ ನಿಂತರು. ಅಂಗಡಿಯ ಮೇಲೆ ಸಾಲವಿತ್ತು. ಶೀಲೆ ದುಡಿದು ತೀರಿಸಿದ.

ಅಷ್ಟರಲ್ಲಿ ಯುರೋಪಿನಲ್ಲಿ ಹೆಸರಾಗಿತ್ತು. ಪ್ರಷ್ಯಾದ ರಾಜಧಾನಿ ಬರ್ಲಿನ್‌ನಿಂದ ಕರೆ ಬಂತು. ಸಂಬಳ, ಸ್ಥಾನ, ದೊಡ್ಡ ನಗರ, ಮಾತೃಭಾಷೆಯ ಜನ. ಶೀಲೆ ಒಪ್ಪಲಿಲ್ಲ. ಶೋಪಿಂಗ್‌ನಲ್ಲೇ ಉಳಿದ. ಅಕಾಡೆಮಿ ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದ ಸಹಾಯಧನವೂ ಅಂಗಡಿಯ ಗಳಿಕೆಯೂ ಪ್ರಯೋಗಗಳಿಗೇ ಹೋಗುತ್ತಿದ್ದವು.

ನಾನು ಹೆಚ್ಚು ಯೋಚಿಸಿದ್ದು ಈ ನಿರ್ಧಾರದ ಬಗ್ಗೆ. ಬೆಳಗಿನ ಜಾವ ಬಂಗಾರಪೇಟೆ, ಮಾಲೂರು ಸ್ಟೇಷನ್‌ಗಳಲ್ಲಿ ಬೆಂಗಳೂರು ರೈಲಿಗೆ ಕಾಯುವ ಗುಂಪನ್ನು ನೋಡಿ ಬೆಳೆದ ನಮಗೆ, ಮೇಲೆ ಬರುವುದು ಎಂದರೆ ರೈಲು ಹತ್ತುವುದು. ಮನೆಯ ಪರಿಸ್ಥಿತಿ ನೋಡಿಕೊಂಡು ಸಿಕ್ಕ ಕೆಲಸ ಹಿಡಿಯುವವರನ್ನು ನಾನು ತಪ್ಪು ಎನ್ನಲಾರೆ. ಶೀಲೆಯ ಅಪ್ಪನೂ ದಿವಾಳಿಯಾಗಿದ್ದ, ಆತನೂ 14ಕ್ಕೇ ಊರು ಬಿಟ್ಟವನೇ. ಆದರೆ ಬರ್ಲಿನ್ ಬೇಡ ಎಂದದ್ದು ಸಣ್ಣ ಊರಿನ ಮೋಹದಿಂದ ಎಂದು ನನಗೆ ಅನ್ನಿಸುವುದಿಲ್ಲ. ಶೋಪಿಂಗ್ ಅಂಗಡಿಯಲ್ಲಿ ಆತನಿಗೆ ಎರಡು ವಸ್ತು ಇದ್ದವು. ಒಂದು, ಕಪಾಟು ತುಂಬ ಸಾಮಗ್ರಿ. ಇನ್ನೊಂದು, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಸಮಯ. ಬರ್ಲಿನ್ ಹೆಚ್ಚು ಹಣ ಕೊಡುತ್ತಿತ್ತು, ಆದರೆ ಈ ಎರಡನ್ನು ಇದಕ್ಕಿಂತ ಹೆಚ್ಚಾಗಿ ಕೊಡಲು ಸಾಧ್ಯವಿರಲಿಲ್ಲ.

ಕೆಲಸ ಹುಡುಕುವಾಗ ನಾವು ಪ್ಯಾಕೇಜ್ ಎಷ್ಟು, ಊರು ಯಾವುದು ಎಂದು ಕೇಳುತ್ತೇವೆ. ಈ ಕೆಲಸ ನನಗೆ ಯಾವ ಕಪಾಟಿನ ಬೀಗದ ಕೈ ಕೊಡುತ್ತದೆ ಎಂಬ ಪ್ರಶ್ನೆಯನ್ನೂ ಜೊತೆಗೆ ಸೇರಿಸಬೇಕು. ನರಸಾಪುರದ ಫ್ಯಾಕ್ಟರಿಯಾಗಲಿ, ಮಾಲೂರಿನ ಹೆಂಚಿನ ಕಾರ್ಖಾನೆಯಾಗಲಿ, ಪಂಚಾಯಿತಿಯ ನೀರಿನ ಘಟಕವಾಗಲಿ, ಅಲ್ಲಿ ಮುಟ್ಟಿ ನೋಡಲು, ಬಿಚ್ಚಿ ಜೋಡಿಸಲು, ಅಳೆಯಲು ಏನಾದರೂ ಇರುತ್ತದೆ. ಅದು ಇಲ್ಲದ ದೊಡ್ಡ ಕೆಲಸಕ್ಕಿಂತ, ಇರುವ ಸಣ್ಣ ಕೆಲಸ ಕೆಲವರಿಗಾದರೂ ಒಳ್ಳೆಯದಿರಬಹುದು.

ಒಂದು ಮಾತು ಮರೆಯಬಾರದು. ಶೀಲೆ ಊರಿನಲ್ಲಿ ಒಬ್ಬನೇ ಇದ್ದರೂ ಸಂಪರ್ಕ ಕಡಿದುಕೊಂಡಿರಲಿಲ್ಲ. ಗಾನ್, ಬರ್ಗ್‌ಮನ್ ಜೊತೆ ಪತ್ರಗಳು ಓಡಾಡುತ್ತಿದ್ದವು. ಆತ ಆಮ್ಲ ಕಂಡುಹಿಡಿದರೆ ಇತರರು ಲೋಹ ಬೇರ್ಪಡಿಸುತ್ತಿದ್ದರು. 1778ರಲ್ಲಿ ಶೀಲೆ ಮಾಲಿಬ್ಡಿನಂನ ಆಮ್ಲ ಪಡೆದ, ಯೆಲ್ಮ್ ಎಂಬವನು 1781ರಲ್ಲಿ ಲೋಹ ತೆಗೆದ. 1781ರಲ್ಲಿ ಶೀಲೆ ಒಂದು ಭಾರವಾದ ಬಿಳಿ ಖನಿಜದಿಂದ ಟಂಗ್‌ಸ್ಟನ್‌ನ ಆಮ್ಲ ಪಡೆದ, 1783ರಲ್ಲಿ ಸ್ಪೇನಿನ ಎಲುಯಾರ್ ಸಹೋದರರು ಲೋಹ ತೆಗೆದರು. ಆ ಬಿಳಿ ಖನಿಜಕ್ಕೇ ಮುಂದೆ ಶೀಲೈಟ್ ಎಂಬ ಹೆಸರು ಬಂದದ್ದು. ನಮ್ಮ ದಿಬ್ಬದಲ್ಲಿರುವುದು ಅದೇ.

ನಾಲಿಗೆ ಕೊಟ್ಟ ಬೆಲೆ

ಹೊಸ ವಸ್ತು ಸಿಕ್ಕರೆ ಮೂಸುವುದು, ರುಚಿ ನೋಡುವುದು ಆ ಕಾಲದ ರಸಾಯನಜ್ಞರ ರೂಢಿ. ಶೀಲೆಯೂ ಹಾಗೇ ಮಾಡಿದ. 1782ರಲ್ಲಿ ಪ್ರಷ್ಯನ್ ನೀಲಿ ಎಂಬ ಬಣ್ಣಕ್ಕೆ ಆಮ್ಲ ಹಾಕಿ ಹೈಡ್ರೋಜನ್ ಸೈನೈಡ್ ಪಡೆದವನು ಈತ. ಅದರ ವಾಸನೆ, ನಾಲಿಗೆಯ ಮೇಲೆ ಸ್ವಲ್ಪ ಸಿಹಿ, ಬಾಯಲ್ಲಿ ಬಿಸಿ ಎಂದು ವಿವರವಾಗಿ ಬರೆದಿಟ್ಟ. ಆ ಪ್ರಮಾಣದಲ್ಲಿ ಬದುಕಿ ಉಳಿದದ್ದೇ ಅದೃಷ್ಟ. ಆರ್ಸೆನಿಕ್, ಪಾದರಸ, ಸೀಸ, ಕ್ಲೋರಿನ್, ಫ್ಲೋರಿನ್‌ನ ಆಮ್ಲ ಎಲ್ಲವನ್ನೂ ವರ್ಷಗಟ್ಟಲೆ ಬರಿಗೈಯಲ್ಲಿ, ಚಳಿಯ ಕೋಣೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಿದ.

ಆತ ಮಾಡಿದ ಒಂದು ವಸ್ತು ಇತರರಿಗೂ ಹಾನಿ ಮಾಡಿತು. ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ 1775ರಲ್ಲಿ ತಯಾರಿಸಿದ ಹಸಿರು ಬಣ್ಣ ಶೀಲೆಯ ಹಸಿರು ಎಂದೇ ಪ್ರಸಿದ್ಧವಾಯಿತು. ಮುಂದಿನ ಶತಮಾನದಲ್ಲಿ ಅದನ್ನು ಗೋಡೆಗೆ ಅಂಟಿಸುವ ಕಾಗದಕ್ಕೆ, ಬಟ್ಟೆಗೆ, ಕೃತಕ ಹೂವಿಗೆ ಬಳಸಿದರು. ಅದರಿಂದ ಕೆಲಸಗಾರರೂ ಮನೆಯವರೂ ಕಾಯಿಲೆ ಬಿದ್ದರು.

ಸೈನೈಡ್ ಕಥೆ ಬೇರೆ ದಾರಿ ಹಿಡಿಯಿತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು, ಪುಡಿ ಮಾಡಿದ ಅದಿರಿನಿಂದ ಸೈನೈಡ್ ದ್ರಾವಣದ ಮೂಲಕ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನವೂ ಅದರಿಂದ ಕೈಗೆ ಬಂತು. ಕೆಜಿಎಫ್‌ಗೂ ಆ ವಿಧಾನ ಬಂತು. ದಿಬ್ಬಕ್ಕೆ ಸೈನೈಡ್ ಎಂಬ ಹೆಸರು ಅಂಟಿದ್ದು ಹೀಗೆ. ಬೇಸಿಗೆ ಗಾಳಿಗೆ ಅದರ ಧೂಳು ಮನೆಯೊಳಗೆ ಬರುವುದು ಅಲ್ಲಿನ ಗೆಳೆಯರಿಗೆ ಗೊತ್ತು.

ಶೀಲೆಯ ಆರೋಗ್ಯ ನಲವತ್ತು ದಾಟುವಷ್ಟರಲ್ಲಿ ಕುಸಿಯಿತು. ಮೂತ್ರಪಿಂಡದ ತೊಂದರೆ, ಚರ್ಮದ ಕಾಯಿಲೆ, ಕೀಲುನೋವು. ವಿಷವಸ್ತುಗಳ ಒಡನಾಟವೇ ಕಾರಣವಿರಬಹುದು ಎಂದು ಹಲವರ ಅಭಿಪ್ರಾಯ. ಸಾವು ಹತ್ತಿರವಾದಾಗ, ಅಂಗಡಿ ಆಕೆಗೆ ಉಳಿಯಲಿ ಎಂದು ಸಾರಾ ಮಾರ್ಗರೆಟಾಳನ್ನು ಮದುವೆಯಾದ. ಕೆಲವೇ ದಿನಗಳಲ್ಲಿ, 1786ರ ಮೇ 21ರಂದು ಪ್ರಾಣಬಿಟ್ಟ. ಆಗ ವಯಸ್ಸು 43.

ಗ್ಲೌಸ್ ಹಾಕಿ, ಗಾಗಲ್ ಹಾಕಿ ಎಂದು ಲ್ಯಾಬ್ ಇನ್‌ಸ್ಟ್ರಕ್ಟರ್ ಹೇಳುವಾಗ ನಮ್ಮಲ್ಲಿ ನಗುವವರೇ ಹೆಚ್ಚು. ಸೈಟಿನಲ್ಲಿ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಹಿರಿಯರೂ ಇದ್ದಾರೆ. ಶೀಲೆಯ ಕಾಲದಲ್ಲಿ ಇವೆಲ್ಲ ಇರಲಿಲ್ಲ. ಇದ್ದಿದ್ದರೆ ಇನ್ನೂ ಇಪ್ಪತ್ತು ವರ್ಷ ಆತ ಏನೇನು ಕಾಣುತ್ತಿದ್ದನೋ. ದುಡಿಮೆಗೆ ಮೈ ಕೊಡಬೇಕು ನಿಜ, ಮೈಯನ್ನೇ ತೆತ್ತು ದುಡಿಯುವುದು ದೊಡ್ಡತನವಲ್ಲ.

ಒಂದು ಸಣ್ಣ ಸಲಹೆ. ನೀವು ಯಾವ ಕೆಲಸದಲ್ಲೇ ಇರಿ, ಕಂಡದ್ದನ್ನು ತಾರೀಖು ಹಾಕಿ ಬರೆದಿಡಿ, ಸರಿ ಅನ್ನಿಸಿದ್ದನ್ನು ಬೇಗ ನಾಲ್ಕು ಜನಕ್ಕೆ ತಿಳಿಸಿ. ಶೀಲೆಗೆ ಮುದ್ರಕನಿಂದಾಗಿ ತಡವಾಯಿತು. ನಮಗೆ ಮೊಬೈಲ್ ಇದೆ, ಆ ನೆಪವಿಲ್ಲ. ನಿಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದರಿಂದಲೇ ಶುರು ಮಾಡಬಹುದು. ಬೇಸಿಗೆಗೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪರೀಕ್ಷೆ ಮಾಡಿಸಿ ಬರೆದಿಟ್ಟರೆ, ಐದು ವರ್ಷದಲ್ಲಿ ಪಂಚಾಯಿತಿಯ ಮುಂದೆ ಇಡುವಂಥ ಹತ್ತು ಅಂಕಿಗಳು ನಿಮ್ಮ ಕೈಯಲ್ಲಿರುತ್ತವೆ.